ಗೇಟ್ ಬರೆಯೋದೋ, ಎಸ್‌ಎಸ್‌ಬಿಗೆ ಹೋಗೋದೋ? ಪುಣೆ–ಮುಂಬೈ ಕನ್ನಡದ ಹುಡುಗರಿಗೆ ಒಂದು ಲೆಕ್ಕ

ಎಂಜಿನಿಯರಿಂಗ್ ಕೊನೆಯ ವರ್ಷಕ್ಕೆ ಬಂದವರ ಗೊಂದಲ ಸಾಮಾನ್ಯವಾಗಿ ಹೀಗಿರುತ್ತದೆ: ಗೇಟ್ (ಎಂ.ಟೆಕ್ ಪ್ರವೇಶ ಪರೀಕ್ಷೆ) ಬರೆದು ಪವಾಯಿಯ ಐಐಟಿಯಲ್ಲಿ ಎಂ.ಟೆಕ್ ಮಾಡಲೇ, ಎಸ್‌ಎಸ್‌ಬಿ (ಸೇನಾ ಅಧಿಕಾರಿಗಳ ಆಯ್ಕೆ ಸಂದರ್ಶನ) ದಾಟಿ ಭೂಸೇನೆಯ ಪ್ಯಾರಾ ಎಸ್‌ಎಫ್ ಅಥವಾ ನೌಕಾಪಡೆಯ ಮಾರ್ಕೋಸ್ ಎಂಬ ಕಮಾಂಡೋ ಪಡೆ ಸೇರಲೇ? ಈ ಪ್ರಶ್ನೆಯಲ್ಲೇ ಒಂದು ಎಡವಟ್ಟಿದೆ. ಪದವೀಧರರು ನೇರವಾಗಿ ಪ್ಯಾರಾ ಎಸ್‌ಎಫ್‌ಗೆ ಅರ್ಜಿ ಹಾಕುವಂತಿಲ್ಲ. ಮೊದಲು ಸೇನೆಯ ಅಧಿಕಾರಿಯಾಗಬೇಕು, ಆಮೇಲೆ ತಾವಾಗಿಯೇ ಹೆಸರು ಕೊಟ್ಟು ತಿಂಗಳುಗಟ್ಟಲೆಯ ಪ್ರೊಬೇಷನ್ (ಕಠಿಣ ಆಯ್ಕೆ ಪರೀಕ್ಷೆಯ ಅವಧಿ) ದಾಟಬೇಕು. ಮಾರ್ಕೋಸ್‌ಗೂ ದಾರಿ ಅದೇ: ಮೊದಲು ನೌಕಾಪಡೆ, ಆಮೇಲೆ ಮಾರ್ಕೋಸ್‌ನ ನೆಲೆಯಾದ ಮುಂಬೈನ ಐಎನ್‌ಎಸ್ ಅಭಿಮನ್ಯು.

ಹಾಗಾಗಿ ಕೇಳಿಕೊಳ್ಳಬೇಕಾದ್ದು ಬೇರೆ. ಪ್ರೊಬೇಷನ್‌ನಿಂದ ವಾಪಸ್ ಕಳಿಸಿದರೆ, ಸಾಮಾನ್ಯ ಇನ್‌ಫೆಂಟ್ರಿ (ಪದಾತಿ) ಬೆಟಾಲಿಯನ್‌ನಲ್ಲೋ ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲೋ ಮನಸ್ಸಿಟ್ಟು ಕೆಲಸ ಮಾಡ್ತೀರಾ? ಇಲ್ಲವೆಂದರೆ ಗೇಟ್ ಪುಸ್ತಕ ತೆರೆಯಿರಿ, ಅದರಲ್ಲಿ ನಾಚಿಕೆಯೇನಿಲ್ಲ.

ಹೌದೆಂದರೆ ಜನ್ಮದಿನಾಂಕ ಹಿಡಿದು ಕೂರಿ. ಸಿಡಿಎಸ್ (ಯುಪಿಎಸ್‌ಸಿ ನಡೆಸುವ ಸೇನಾ ಅಧಿಕಾರಿಗಳ ಪರೀಕ್ಷೆ) ಮೂಲಕ ಡೆಹ್ರಾಡೂನಿನ ಸೇನಾ ಅಕಾಡೆಮಿ ಐಎಂಎಗೆ 24, ಅಲ್ಪಾವಧಿ ಸೇವೆಯವರ ತರಬೇತಿ ಅಕಾಡೆಮಿ ಒಟಿಎಗೆ 25, ಎಂಜಿನಿಯರುಗಳಿಗೇ ಇರುವ ಟಿಜಿಸಿ (ಖಾಯಂ ಸೇವೆ) ಮತ್ತು ಎಸ್‌ಎಸ್‌ಸಿ ಟೆಕ್ (ಅಲ್ಪಾವಧಿ ಸೇವೆ) ಪ್ರವೇಶಗಳಿಗೆ 27 ಗರಿಷ್ಠ ವಯಸ್ಸು. ಲೆಕ್ಕಕ್ಕೆ ಬರುವುದು ಅರ್ಜಿ ಹಾಕಿದ ದಿನದ ವಯಸ್ಸಲ್ಲ, ತರಬೇತಿ ಶುರುವಾಗುವ ತಿಂಗಳಿನದು. ಬಹಳಷ್ಟು ಜನ ಎಡವುವುದು ಇಲ್ಲೇ. 22ಕ್ಕೆ ಬಿ.ಇ. ಮುಗಿಸಿ, ಸಾಲ ಮಾಡಿ ಎಂ.ಎಸ್‌ಗೆ ವಿದೇಶಕ್ಕೆ ಹೋಗಿ ಬರುವಷ್ಟರಲ್ಲಿ ಐಎಂಎಯ ಸಿಡಿಎಸ್ ಬಾಗಿಲು ಮುಚ್ಚಿರುತ್ತದೆ, ಬ್ಯಾಂಕಿನ ಕಂತು ಮಾತ್ರ ತೆರೆದಿರುತ್ತದೆ.

ಓದಿನ ಬಾಗಿಲು ಹಾಗಲ್ಲ. ಸೇನೆಯ ಎಂಜಿನಿಯರ್ ಅಧಿಕಾರಿಗಳು ಪುಣೆಯ ದಾಪೋಡಿಯಲ್ಲಿರುವ ಸೇನೆಯ ಎಂಜಿನಿಯರಿಂಗ್ ಕಾಲೇಜು ಸಿಎಂಇಯಲ್ಲಿ ಓದುತ್ತಾರೆ. ಪುಣೆಯದೇ ಗಿರಿನಗರದ ರಕ್ಷಣಾ ತಂತ್ರಜ್ಞಾನ ಸಂಸ್ಥೆ ಡಿಐಎಟಿಗೆ, ಐಐಟಿಗಳಿಗೆ ಸೇನೆಯೇ ಕಳಿಸುವುದುಂಟು. ಆದರೆ ಯಾವಾಗ, ಯಾವ ವಿಷಯ ಎಂಬುದು ಪೂರ್ತಿ ನಿಮ್ಮ ಕೈಯಲ್ಲಿರುವುದಿಲ್ಲ. ಮೂಲವಿಜ್ಞಾನದಲ್ಲಿ ಪಿಎಚ್.ಡಿ., ಆಮೇಲೆ ಸಂಶೋಧನೆ ಎಂಬುದೇ ಗುರಿಯಾಗಿದ್ದರೆ ಈ ಸಮಾಧಾನ ನಂಬಬೇಡಿ, ನೇರ ಪ್ರಯೋಗಾಲಯಕ್ಕೇ ಹೋಗಿ.

ಇನ್ನೂ ತೀರ್ಮಾನವಾಗದವರಿಗೆ ಒಂದು ಉಪಾಯ: ಕೊನೆಯ ವರ್ಷದ ಫೆಬ್ರವರಿಯಲ್ಲಿ ಗೇಟ್ ಬರೆದಿಡಿ. ಸ್ಕೋರ್ ಮೂರು ವರ್ಷ ನಡೆಯುತ್ತದೆ. ಸಿಡಿಎಸ್ ವರ್ಷಕ್ಕೆರಡು ಬಾರಿ, ಸಾಮಾನ್ಯವಾಗಿ ಏಪ್ರಿಲ್ ಮತ್ತು ಸೆಪ್ಟೆಂಬರಿನಲ್ಲಿ. ಅದರ ಗಣಿತ ಹತ್ತನೇ ತರಗತಿಯ ಮಟ್ಟದ್ದು. ಎಂಜಿನಿಯರುಗಳು ಮುಗ್ಗರಿಸುವುದು ಸಾಮಾನ್ಯ ಜ್ಞಾನದಲ್ಲಿ. ಟಿಜಿಸಿಗೆ ಲಿಖಿತ ಪರೀಕ್ಷೆಯೇ ಇಲ್ಲ, ಪದವಿಯ ಅಂಕ ನೋಡಿ ಎಸ್‌ಎಸ್‌ಬಿಗೆ ಕರೆಯುತ್ತಾರೆ. ಮನೆಯಲ್ಲಿ ಹಣದ ಮಾತು ಬಂದೇ ಬರುತ್ತದೆ: ಗೇಟ್ ಮೂಲಕ ಸೇರಿದ ಎಂ.ಟೆಕ್ ವಿದ್ಯಾರ್ಥಿವೇತನ ತಿಂಗಳಿಗೆ ₹12,400, ಐಎಂಎ ತರಬೇತಿಯಲ್ಲಿ ₹56,100.

ಎಸ್‌ಎಸ್‌ಬಿ ಐದು ದಿನದ್ದು. ಮೊದಲ ದಿನದ ಸ್ಕ್ರೀನಿಂಗ್‌ನಲ್ಲೇ ಬಹಳ ಮಂದಿ ಮನೆಗೆ ಮರಳುತ್ತಾರೆ. ಪದ ಪರೀಕ್ಷೆಯಲ್ಲಿ 60 ಪದ, ಒಂದೊಂದನ್ನು ನೋಡಿ ವಾಕ್ಯ ಬರೆಯಲು 15 ಸೆಕೆಂಡು. ಸನ್ನಿವೇಶ ಪರೀಕ್ಷೆಯಲ್ಲಿ 60 ಸನ್ನಿವೇಶ, ಏನು ಮಾಡುತ್ತೀರೆಂದು ಬರೆಯಲು ಒಟ್ಟು 30 ನಿಮಿಷ. ಕೋಚಿಂಗ್‌ನಲ್ಲಿ ಉರುಹೊಡೆದ ಉತ್ತರಗಳು ಒಂದಕ್ಕೊಂದು ತಾಳೆಯಾಗದೆ ಸಿಕ್ಕಿಬೀಳುತ್ತವೆ. ಮೊಬೈಲ್‌ನಲ್ಲಿ ಟೈಮರ್ ಇಟ್ಟು, ಹೊಳೆದದ್ದನ್ನೇ ಬರೆದು ಅಭ್ಯಾಸ ಮಾಡಿ.

ಇದೆಲ್ಲಕ್ಕೂ ಮೊದಲು ಕಣ್ಣು ತೋರಿಸಿಕೊಳ್ಳಿ. ಕನ್ನಡಕ ಬೇಡವೆಂದು ಅವಸರದಲ್ಲಿ ಲೇಸಿಕ್ (ಕಣ್ಣಿನ ಲೇಸರ್ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡರೆ ನೌಕಾಪಡೆಯ ಡೈವಿಂಗ್, ಜಲಾಂತರ್ಗಾಮಿ ಮತ್ತು ಮಾರ್ಕೋಸ್ ವಿಭಾಗಗಳು ಕೈತಪ್ಪುತ್ತವೆ. ಹಚ್ಚೆ ಮುಂಗೈಯ ಒಳಬದಿಯಲ್ಲಿ ಅಥವಾ ಅಂಗೈಯ ಹಿಂಬದಿಯಲ್ಲಿ ಇದ್ದರೆ ಸರಿ. ತೋಳಿನ ಮೇಲಿದ್ದರೆ ತೊಂದರೆ.

ಮೈಯನ್ನೂ ಈಗಿನಿಂದಲೇ ಹದಗೊಳಿಸಿ: 2.4 ಕಿ.ಮೀ. ಓಟ ಹತ್ತೂವರೆ ನಿಮಿಷದಲ್ಲಿ, 40 ಪುಷ್‌ಅಪ್, 30 ಸಿಟ್‌ಅಪ್, 6 ಪುಲ್‌ಅಪ್. ಹಾಸ್ಟೆಲ್ ಹುಡುಗರಿಗೆ ಕೊನೆಯದೇ ಕಬ್ಬಿಣದ ಕಡಲೆ, ಅದಕ್ಕೆ ಮೂರು ತಿಂಗಳಾದರೂ ಬೇಕು. ಮುಂಬೈನ ಸೆಕೆಯಲ್ಲಿ ಓಟ ನಿಧಾನವಾಯಿತೆಂದು ಎದೆಗುಂದಬೇಡಿ. ಪುಣೆಯವರು ಭಾನುವಾರ ಬೆನ್ನಿಗೆ ಚೀಲ ಹಾಕಿಕೊಂಡು ಸಿಂಹಗಡ ಹತ್ತಿ. ಇಳಿಯುವಾಗ ಓಡಿದರೆ ಮಂಡಿ ಕೆಡುತ್ತದೆ.

ಕೊನೆಗೆ ಎಂ.ಟೆಕ್ ಸೀಟು, ಐಎಂಎ ಪತ್ರ ಎರಡೂ ಒಂದೇ ಜುಲೈನಲ್ಲಿ ಬಂದರೆ ಐಎಂಎಯನ್ನು ಹಿಡಿಯಿರಿ. ಗೇಟ್ ಸ್ಕೋರ್‌ಗೆ ಇನ್ನೂ ಆಯುಷ್ಯವಿರುತ್ತದೆ. ಆದರೆ "ಹೋಗಿ ನೋಡೋಣ, ಆಗದಿದ್ದರೆ ಬರೋಣ" ಎಂದು ಹೊರಡಬೇಡಿ: ತರಬೇತಿಯ ನಡುವೆ ಸ್ವಂತ ಇಚ್ಛೆಯಿಂದ ಬಿಟ್ಟು ಬಂದರೆ ಅದುವರೆಗಿನ ಖರ್ಚನ್ನು ವಸೂಲಿ ಮಾಡುತ್ತಾರೆ, ಆ ಮುಚ್ಚಳಿಕೆಗೆ ಮನೆಯವರ ಸಹಿಯೂ ಬೇಕಾಗುತ್ತದೆ.