ಸಿಡಿಐ ಬಾಕ್ಸ್ ಬದಲಿಸುವ ಮುಂಚೆ ನಾನು ನೋಡಿದ್ದೆಲ್ಲ

ನನ್ನದು ದೋಣಿಯ ಹಿಂಬದಿಗೆ ಸಿಕ್ಕಿಸುವ, ಮೂರು ಸಿಲಿಂಡರಿನ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್. ತಣ್ಣಗಿದ್ದಾಗ ಕೀಲಿ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಗುತ್ತಿತ್ತು, ಚೆನ್ನಾಗಿಯೇ ಓಡುತ್ತಿತ್ತು. ಚೆನ್ನಾಗಿ ಕಾದ ಮೇಲೆ ಮಿಸ್ ಹೊಡೆಯಲು ಶುರು. ಥ್ರಾಟಲ್ ಪೂರ್ತಿ ಕೊಟ್ಟರೂ ಆರ್‌ಪಿಎಂ ಏರುತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೆ ಹೊರಟರೆ ಏನೂ ಆಗದ ಹಾಗೆ ಓಡುತ್ತಿತ್ತು. ಈ ಲಕ್ಷಣ ಹೇಳಿದರೆ ಸಾಕು, ಎಲ್ಲರ ಸಲಹೆ ಒಂದೇ: ಸಿಡಿಐ (ಪ್ಲಗ್‌ಗಳಿಗೆ ಕಿಡಿ ಹೊಡೆಸುವ ಎಲೆಕ್ಟ್ರಾನಿಕ್ ಬಾಕ್ಸ್) ಹೋಗಿದೆ, ಬದಲಿಸು.

ಕೊನೆಗೆ ನಾನು ಬದಲಿಸಿದ್ದೂ ಸಿಡಿಐಯನ್ನೇ. ಆದರೆ ಅದಕ್ಕೆ ಕರೆಂಟು ಕೊಡುವ, ಅದರಿಂದ ಕರೆಂಟು ಪಡೆಯುವ ಪ್ರತಿಯೊಂದನ್ನೂ ಪರೀಕ್ಷೆ ಮಾಡಿದ ಮೇಲಷ್ಟೇ ಹೊಸದನ್ನು ತರಿಸಿದೆ. ಇದು ಅಗ್ಗದ ಭಾಗವಲ್ಲ. ಒಮ್ಮೆ ವೈರ್ ಜೋಡಿಸಿದ ಎಲೆಕ್ಟ್ರಿಕಲ್ ಸಾಮಾನನ್ನು ಅಂಗಡಿಯವರು ಸಾಮಾನ್ಯವಾಗಿ ವಾಪಸ್ ತಗೊಳ್ಳುವುದೂ ಇಲ್ಲ.

ಮೊದಲು ಆ ಬಾಕ್ಸ್ ಮಾಡುವ ಕೆಲಸ ಗೊತ್ತಿರಬೇಕು. ಫ್ಲೈವೀಲಿನ ಒಳಗಡೆ ಆಯಸ್ಕಾಂತಗಳಿರುತ್ತವೆ. ಅದು ತಿರುಗಿದಾಗ ಕೆಳಗೆ ಅಲುಗದೆ ಕೂತಿರುವ ಸ್ಟೇಟರಿನ ಚಾರ್ಜ್ ಕಾಯಿಲ್‌ನಲ್ಲಿ ಕರೆಂಟು ಹುಟ್ಟುತ್ತದೆ. ಸಿಡಿಐ ಒಳಗಿನ ಕೆಪಾಸಿಟರ್ ಆ ಕರೆಂಟನ್ನು ಕೆಲವು ನೂರು ವೋಲ್ಟ್‌ನಷ್ಟು ತುಂಬಿಕೊಳ್ಳುತ್ತದೆ. ಟ್ರಿಗರ್ ಕಾಯಿಲ್‌ನಿಂದ ಸಣ್ಣದೊಂದು ಸಿಗ್ನಲ್ ಬಂದ ಕೂಡಲೇ ಅದೆಲ್ಲವೂ ಒಂದೇ ಸಲಕ್ಕೆ ಇಗ್ನಿಷನ್ ಕಾಯಿಲ್‌ಗೆ ಹರಿಯುತ್ತದೆ. ಅಲ್ಲಿ ಅದು ಸಾವಿರಾರು ವೋಲ್ಟ್ ಆಗಿ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಈ ದಾರಿಯಲ್ಲಿ ಎಲ್ಲೇ ತಪ್ಪಿದರೂ ಹೊರಗೆ ಕಾಣುವುದು ಒಂದೇ, ಕಿಡಿ ಇಲ್ಲ. ಅದಕ್ಕೇ ಸುಮ್ನೆ ಬಾಕ್ಸ್ ಮೇಲೆ ತಪ್ಪು ಹೊರಿಸುವುದು ಸುಲಭ.

ಕಾರ್ಬುರೇಟರ್ ತೊಂದರೆಯೋ ಕಿಡಿಯದೋ ಎಂದು ತಿಳಿಯಲು ಸ್ಪಾರ್ಕ್ ಟೆಸ್ಟರ್ ತಗೊಂಡೆ. ಪ್ಲಗ್ ಬಿಚ್ಚಿ ಬ್ಲಾಕ್‌ಗೆ ತಾಗಿಸಿ ಕಿಡಿ ನೋಡುವುದು ನನಗೆ ಸರಿ ಕಾಣುವುದಿಲ್ಲ. ಪ್ಲಗ್‌ನ ಸಣ್ಣ ಸಂದಿಯಲ್ಲಿ ದುರ್ಬಲ ಕಿಡಿ ಕೂಡ ಹಾರುತ್ತದೆ, ಸಿಲಿಂಡರಿನ ಒಳಗಿನ ಒತ್ತಡದಲ್ಲಿ ಅದೇ ಕಿಡಿ ಸತ್ತುಹೋಗುತ್ತದೆ. ಟೆಸ್ಟರಿನಲ್ಲಿ ಸಂದಿಯನ್ನು ಸುಮಾರು 11 ಮಿಲಿಮೀಟರಿಗೆ ಇಟ್ಟು ನೋಡಿದರೆ ಕಿಡಿಗೆ ಎಷ್ಟು ಬಲ ಇದೆ ಅಂತ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ಪ್ಲಗ್ ವೈರನ್ನು ಎಲ್ಲಿಗೂ ಜೋಡಿಸದೆ ಗಾಳಿಯಲ್ಲಿ ಬಿಟ್ಟು ಎಂಜಿನ್ ತಿರುಗಿಸಬೇಡಿ. ಹೋಗಲು ದಾರಿ ಇಲ್ಲದ ವೋಲ್ಟೇಜು ಕಾಯಿಲನ್ನೋ ಸಿಡಿಐಯನ್ನೋ ಒಡೆದುಬಿಡಬಹುದು. ಪೆಟ್ರೋಲ್ ಆವಿ ಇರುವಲ್ಲಂತೂ ಈ ಕೆಲಸವೇ ಬೇಡ.

ತಣ್ಣಗಿದ್ದಾಗ ಮೂರರಲ್ಲೂ ನೀಲಿ ಕಿಡಿ. ಕಾದ ಮೇಲೆ ನಡುವಿನ ಸಿಲಿಂಡರಿನದು ಮಾಯ. ಇಷ್ಟು ತಿಳಿದದ್ದರಿಂದ ಅರ್ಧ ಕೆಲಸ ಮುಗಿದಂತಾಯಿತು. ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಆಗಲಿ ಚಾರ್ಜ್ ಕಾಯಿಲ್ ಆಗಲಿ ಕೆಟ್ಟಿದ್ದರೆ ನನ್ನ ಎಂಜಿನ್‌ನಲ್ಲಿ ಮೂರೂ ಸಾಯಬೇಕಿತ್ತು, ಏಕೆಂದರೆ ಅವು ಮೂರಕ್ಕೂ ಸೇರಿದವು. ನಿಮ್ಮದರಲ್ಲಿ ಎಲ್ಲ ಸಿಲಿಂಡರಿನ ಕಿಡಿಯೂ ಹೋಗಿದ್ದರೆ ಮೊದಲು ಕೀಲಿ, ಕಿಲ್ ಸ್ವಿಚ್‌ಗಳಿಂದ ಸಿಡಿಐಗೆ ಬರುವ ಸ್ಟಾಪ್ ವೈರನ್ನು ಬಿಚ್ಚಿ ನೋಡಿ. ಕಿಡಿ ವಾಪಸ್ ಬಂದರೆ ತಪ್ಪು ಕೀಲಿಯಲ್ಲೋ ಕಿಲ್ ಸ್ವಿಚ್‌ನಲ್ಲೋ ಇದೆ, ಬಾಕ್ಸ್‌ನಲ್ಲಿ ಅಲ್ಲ. ಆ ವೈರ್ ಬಿಚ್ಚಿರುವಾಗ ಎಂಜಿನ್ ಸ್ಟಾರ್ಟ್ ಆಗಿಬಿಟ್ಟರೆ ಕೀಲಿಯಿಂದ ನಿಲ್ಲುವುದಿಲ್ಲ, ಚೋಕ್ ಎಳೆದು ನಿಲ್ಲಿಸಬೇಕು. ಇದು ನೆನಪಿರಲಿ.

ಈಗ ಉಳಿದದ್ದು ಮೂರು: ನಡುವಿನ ಇಗ್ನಿಷನ್ ಕಾಯಿಲ್, ಅದರ ಟ್ರಿಗರ್, ಇಲ್ಲವೇ ಸಿಡಿಐ. ಕಾಯಿಲನ್ನು ಮೇಲಿನದರ ಜೊತೆ ಅದಲು ಬದಲು ಮಾಡಿದೆ. ಕಾದಾಗ ಸತ್ತದ್ದು ಮತ್ತೆ ನಡುವಿನದೇ. ಹಾಗಾದರೆ ಕಾಯಿಲ್ ಸರಿಯಿದೆ. ಆಮೇಲೆ ಟ್ರಿಗರ್ ವೈರುಗಳನ್ನು ಅದಲು ಬದಲು ಮಾಡಿ, ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಸ್ಟಾರ್ಟರಿನಿಂದ ತಿರುಗಿಸಿ ನೋಡಿದೆ. ಹೀಗೆ ಮಾಡಿದಾಗ ಎಂಜಿನ್ ಓಡಿಸಬಾರದು, ಟೈಮಿಂಗ್ (ಕಿಡಿ ಹಾರುವ ಕ್ಷಣ) ತಪ್ಪಿರುತ್ತದೆ. ಕಿಡಿ ಬರುತ್ತದೋ ಇಲ್ಲವೋ ಅಷ್ಟೇ ನೋಡಬೇಕು. ಆಗಲೂ ನಡುವಿನದೇ ಸತ್ತಿತ್ತು.

ವೋಲ್ಟೇಜನ್ನೂ ಅಳೆದೆ. ಸಾಮಾನ್ಯ ಮಲ್ಟಿಮೀಟರ್ ಇಲ್ಲಿ ಸುಳ್ಳು ಹೇಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುವ ಏಟನ್ನು ಅದು ಹಿಡಿಯುವುದಿಲ್ಲ. ಏಟಿನ ತುದಿಯನ್ನು ಹಿಡಿದಿಡುವ ಡಿವಿಎ ಅಡಾಪ್ಟರ್ ಅಂತ ಸಿಗುತ್ತದೆ, ಅದನ್ನು ಮೀಟರಿಗೆ ಸಿಕ್ಕಿಸಬೇಕು. ಎಷ್ಟಿರಬೇಕು ಅನ್ನುವುದು ಎಂಜಿನ್ನಿನ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ, ಇನ್ನೊಂದು ಎಂಜಿನ್ನಿನ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ನನ್ನದರಲ್ಲಿ ಬಾಕ್ಸ್ ಒಳಗೆ ಹೋಗುವ ವೋಲ್ಟೇಜು ಸರಿಯಾಗಿತ್ತು, ನಡುವಿನ ಕಾಯಿಲ್‌ಗೆ ಹೊರಬರುವುದು ಮಾತ್ರ ಕುಸಿದಿತ್ತು.

ಇಷ್ಟಾದರೂ ಇನ್ನೊಂದು ಪರೀಕ್ಷೆ ಮಾಡಿದೆ. ನನಗೆ ಪೂರ್ತಿ ನಂಬಿಕೆ ಬಂದದ್ದು ಅದರಿಂದಲೇ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಸಿಡಿಐಯನ್ನು ಬಿಚ್ಚಿ, ದೋಣಿಯಿಂದ ದೂರ ಒಯ್ದು, ಹೇರ್ ಡ್ರೈಯರ್‌ನಿಂದ ಮುಟ್ಟಿದರೆ ಬಿಸಿ ಅನ್ನಿಸುವಷ್ಟು ಕಾಯಿಸಿ, ತಂದು ಮತ್ತೆ ಜೋಡಿಸಿದೆ. ತಣ್ಣಗಿನ ಎಂಜಿನ್, ಬಿಸಿ ಬಾಕ್ಸ್. ನಡುವಿನ ಕಿಡಿ ಇಲ್ಲ! ಬಾಕ್ಸ್ ಆರುತ್ತಿದ್ದಂತೆ ಕಿಡಿ ವಾಪಸ್. ಇನ್ನು ಅನುಮಾನಕ್ಕೆ ಜಾಗವೇ ಇರಲಿಲ್ಲ.

ರಿಪೇರಿ ಮಾಡಬಹುದಲ್ವಾ ಅಂತ ಕೇಳುವವರಿದ್ದಾರೆ. ಬಾಕ್ಸ್ ಒಳಗೆ ಗಟ್ಟಿ ಎಪಾಕ್ಸಿ ಸುರಿದಿರುತ್ತಾರೆ. ನೀರು, ನಡುಗಾಟ ಎರಡರಿಂದಲೂ ಅದೇ ರಕ್ಷಣೆ. ಅದನ್ನು ಕೆರೆದು ತೆಗೆಯುವಾಗ ಒಳಗಿನ ಪುಟ್ಟ ಭಾಗಗಳೂ ಕಿತ್ತು ಬರುತ್ತವೆ. ಹೇಗೋ ಸರಿಮಾಡಿದರೂ ದಡ ಕಾಣದ ನೀರಿನಲ್ಲಿ ಅದನ್ನು ನಂಬಿ ಹೋಗಲು ನಾನು ತಯಾರಿಲ್ಲ.

ಹೊಸದನ್ನು ತರಿಸುವಾಗ ಅಶ್ವಶಕ್ತಿ ಹೇಳಿದರೆ ಸಾಲದು. ಒಂದೇ ಶಕ್ತಿಯ ಎಂಜಿನ್ನಿಗೆ ಬೇರೆ ಬೇರೆ ವರ್ಷದಲ್ಲಿ ಬೇರೆ ಬಾಕ್ಸ್ ಬಂದಿರಬಹುದು. ಕನೆಕ್ಟರ್ ಕೂತ ಮಾತ್ರಕ್ಕೆ ಅದು ಸರಿಯಾದದ್ದು ಅಂತಲ್ಲ. ಎಷ್ಟೋ ಬಾಕ್ಸ್‌ಗಳಲ್ಲಿ ಟೈಮಿಂಗ್ ಹಿಂದೆ ಮುಂದೆ ಮಾಡುವ ಲೆಕ್ಕ, ಆರ್‌ಪಿಎಂ ಮಿತಿ ಎಲ್ಲವೂ ಒಳಗೇ ಇರುತ್ತದೆ. ಎಂಜಿನ್ನಿನ ಮಾಡೆಲ್, ಸೀರಿಯಲ್ ನಂಬರ್, ಹಳೆಯ ಬಾಕ್ಸ್ ಮೇಲಿನ ಪಾರ್ಟ್ ನಂಬರ್ ಮೂರನ್ನೂ ಕೊಟ್ಟು ತರಿಸಿದೆ.

ಜೋಡಿಸುವ ಕೆಲಸ ದೊಡ್ಡದಲ್ಲ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ವೈರುಗಳ ಫೋಟೋ ತೆಗೆದು, ಒಂದೊಂದಕ್ಕೂ ಚೀಟಿ ಕಟ್ಟಿ, ಹಳೆಯದನ್ನು ತೆಗೆದು ಹೊಸದನ್ನು ಕೂರಿಸುವುದು. ನನಗೆ ಹೆಚ್ಚು ಹೊತ್ತು ಹಿಡಿದದ್ದು ಅರ್ಥ್ ಜಾಗ. ವೈರ್ ತುದಿಗೆ ಕಿಲುಬು ಹಿಡಿದಿತ್ತು, ಬ್ಲಾಕ್ ಮೇಲೆ ಬಿಳಿ ಪುಡಿ ಕೂತಿತ್ತು. ಲೋಹ ಹೊಳೆಯುವ ತನಕ ಉಜ್ಜಿ, ಹೊಸ ತುದಿ ಹಾಕಿ, ಸ್ಟಾರ್ ವಾಷರ್ ಇಟ್ಟು ಬಿಗಿದೆ. ಬಾಕ್ಸ್ ಕೂರುವ ರಬ್ಬರ್‌ಗಳು ಒಡೆದಿದ್ದವು, ಅವನ್ನೂ ಬದಲಿಸಿದೆ. ರಬ್ಬರ್ ಹೋದರೆ ನಡುಗಾಟ ನೇರವಾಗಿ ಬಾಕ್ಸ್‌ಗೆ ಬಡಿಯುತ್ತದೆ. ಬ್ಯಾಟರಿ ತುದಿಯ ಕೈಯಲ್ಲಿ ತಿರುಗಿಸುವ ನಟ್‌ಗಳನ್ನು ತೆಗೆದು ಸ್ಪ್ಯಾನರಿನಲ್ಲಿ ಬಿಗಿಯುವ ನಟ್ ಹಾಕಿದೆ. ಎಂಜಿನ್ ಓಡುವಾಗ ಅಲ್ಲಿ ಸಡಿಲಾದರೆ ವೋಲ್ಟೇಜು ಜಿಗಿದು ರೆಗ್ಯುಲೇಟರ್ ಸುಡಬಹುದು.

ಆಮೇಲೆ ತಂಪು ನೀರಿನ ವ್ಯವಸ್ಥೆ ಮಾಡಿಕೊಂಡು ಸ್ಟಾರ್ಟ್ ಮಾಡಿದೆ. ನೀರಿಲ್ಲದೆ ಸ್ವಲ್ಪ ಹೊತ್ತು ಓಡಿಸಿದರೂ ಪಂಪಿನಲ್ಲಿ ನೀರು ತಳ್ಳುವ ಇಂಪೆಲ್ಲರ್ ಹಾಳು. ಟೈಮಿಂಗ್ ಲೈಟ್ ಹಿಡಿದು ಮೂರೂ ಸಿಲಿಂಡರ್ ನೋಡಿದೆ, ಗುರುತುಗಳು ಮ್ಯಾನುಯಲ್‌ನಲ್ಲಿ ಹೇಳಿದ ಜಾಗದಲ್ಲೇ ಇದ್ದವು. ಕೊನೆಗೆ ನೀರಿಗಿಳಿಸಿ, ಎಂಜಿನ್ ಚೆನ್ನಾಗಿ ಕಾಯುವ ತನಕ ಓಡಿಸಿ, ಪೂರ್ತಿ ಥ್ರಾಟಲ್ ಕೊಟ್ಟೆ. ಆರ್‌ಪಿಎಂ ಏರಿ ಅಲ್ಲೇ ನಿಂತಿತು. ದಡಕ್ಕೆ ಬಂದು ಪ್ಲಗ್‌ಗಳನ್ನು ಬಿಚ್ಚಿದೆ. ಮೂರರ ಬಣ್ಣವೂ ಒಂದೇ ಇತ್ತು, ನಡುವಿನದರ ಮೇಲೆ ಮುಂಚೆ ಇರುತ್ತಿದ್ದ ಎಣ್ಣೆಯ ಪಸೆ ಇರಲಿಲ್ಲ.