ಅಂಗಿ ತೊಡಿಸುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ

ನಾನು ಫಿಸಿಯೋಥೆರಪಿಸ್ಟ್. ಲಕ್ವ ಹೊಡೆದವರ ಮನೆಗೇ ಹೋಗಿ ವ್ಯಾಯಾಮ ಮಾಡಿಸುತ್ತೇನೆ. ಶುರುವಿನಲ್ಲಿ ನನ್ನ ಕಣ್ಣಿಗೆ ಬೀಳುತ್ತಿದ್ದದ್ದು ರೋಗಿಯ ಕೈಕಾಲು ಮಾತ್ರ. ಪಕ್ಕದಲ್ಲಿ ನಿಂತಿರುತ್ತಿದ್ದ ಹೆಂಡತಿ, ಮಗ, ಸೊಸೆ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಒಂದು ದಿನ ಒಂದು ಮನೆಗೆ ಸ್ವಲ್ಪ ಬೇಗ ಹೋದೆ. ಅಲ್ಲಿ ಯಜಮಾನರಿಗೆ ಬಲಗೈ, ಬಲಗಾಲು ಸ್ವಾಧೀನ ತಪ್ಪಿತ್ತು. ಮಾತೂ ನಿಂತಿತ್ತು. ಹೆಂಡತಿ ಅವರಿಗೆ ಅಂಗಿ ತೊಡಿಸುತ್ತಿದ್ದರು. ಮೊದಲು ಎಡಗೈ ತೂರಿಸಿ, ಆಮೇಲೆ ಬಲಗೈಯನ್ನು ಹಿಂದಕ್ಕೆ ಎಳೆಯುತ್ತಿದ್ದರು. ಯಜಮಾನರು ಹಲ್ಲು ಕಚ್ಚಿಕೊಂಡು ಕೂತಿದ್ದರು. ಸ್ವಾಧೀನವಿಲ್ಲದ ಕೈಯನ್ನು ಹಾಗೆ ಎಳೆದರೆ ಭುಜದ ಕೀಲಿಗೆ ಪೆಟ್ಟು ಬೀಳುತ್ತದೆ.

"ತೊಡಿಸುವಾಗ ಸೋತ ಕೈ ಮೊದಲು, ತೆಗೆಯುವಾಗ ಸರಿಯಿರುವ ಕೈ ಮೊದಲು ಅಮ್ಮಾ" ಎಂದು ಮಾಡಿ ತೋರಿಸಿದೆ. ಅಂಗಿ ಸಲೀಸಾಗಿ ಏರಿತು. ಆಕೆ ಬಹಳ ಹೊತ್ತು ಗುಂಡಿಯನ್ನೇ ಹಿಡಿದು ನಿಂತರು. "ಎರಡು ತಿಂಗಳಿಂದ ದಿನಾ ಇವರಿಗೆ ನೋವು ಮಾಡ್ತಿದ್ದೆ. ಯಾರೂ ಹೇಳಲಿಲ್ಲವಲ್ಲ ಸರ್" ಎಂದರು. ಆ ಎರಡು ತಿಂಗಳೂ ನಾನು ವಾರಕ್ಕೆರಡು ಸಲ ಅಲ್ಲಿಗೆ ಹೋಗುತ್ತಿದ್ದೆ.

ಅವತ್ತಿನಿಂದ ಹೋದ ಕೂಡಲೇ ನೋಡಿಕೊಳ್ಳುವವರ ಹತ್ತಿರ ಕೂರುತ್ತೇನೆ. ರಾತ್ರಿ ಎಷ್ಟು ಸಲ ಏಳಬೇಕಾಯಿತು? ಸೊಂಟ ನೋಯುತ್ತಿದೆಯಾ? ಮಂಚದಿಂದ ಕುರ್ಚಿಗೆ ಹೇಗೆ ಕೂರಿಸುತ್ತೀರಿ, ಮಾಡಿ ತೋರಿಸಿ ಎನ್ನುತ್ತೇನೆ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಕೈಯಲ್ಲಿ ಮಾಡಿದ್ದು ಉಳಿಯುತ್ತದೆ.

ಆಮೇಲೆ ನಾಲ್ಕು ಮನೆಯವರನ್ನು ವಾರಕ್ಕೊಮ್ಮೆ ಒಂದು ಕಡೆ ಸೇರಿಸಿದೆ. ಮೊದಮೊದಲು ಬರೀ ಭಾಷಣ ಮಾಡಿದೆ, ಎರಡು ಮನೆಯವರು ಬರುವುದನ್ನೇ ಬಿಟ್ಟರು. ಆಮೇಲೆ ಭಾಷಣ ನಿಲ್ಲಿಸಿದೆ. ಈಗ ಎಲ್ಲರ ಬಿಪಿ ನೋಡುತ್ತೇವೆ, ಯಾಕಂದ್ರೆ ಒಮ್ಮೆ ಹೊಡೆದದ್ದು ಮತ್ತೆ ಹೊಡೆಯಬಹುದು. ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಕಾಯದೆ ಆಸ್ಪತ್ರೆಗೆ ಓಡಬೇಕು. ಮೆದುಳಿನ ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪು ಕರಗಿಸುವ ಔಷಧಿಗೆ, ಲಕ್ಷಣ ಶುರುವಾದಾಗಿನಿಂದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಸಮಯ. ಇಷ್ಟು ಹೇಳಿ ನಾನು ಸುಮ್ಮನಾಗುತ್ತೇನೆ. ಉಳಿದದ್ದೆಲ್ಲ ಅವರವರದ್ದೇ ಮಾತು. ನೋಡಿಕೊಳ್ಳುವವರು ಅರ್ಧ ಗಂಟೆ ಬೇರೆ ಕೂರುತ್ತಾರೆ. ರೋಗಿಯ ಎದುರು ಹೇಳಲಾಗದ್ದು ಜಾಸ್ತಿ ಇರುತ್ತದೆ ಅಲ್ವಾ?

ಅಲ್ಲಿ ಒಂದೇ ಒಂದು ನಿಯಮ ಇದೆ. ಮಾತಿಗೆ ತಡಕಾಡುವವರ ಬದಲು ಬೇರೆಯವರು ಉತ್ತರ ಕೊಡಬಾರದು. ಮಾತು ಹೋದ ಮಾತ್ರಕ್ಕೆ ಬುದ್ಧಿ ಹೋಗಿರುವುದಿಲ್ಲ. ಹೌದು-ಇಲ್ಲ ಎನ್ನುವಂಥ ಪ್ರಶ್ನೆ ಕೇಳಿ, ಕಾಯಬೇಕು. ಈ ಕಾಯುವುದು ಮನೆಯವರಿಗೆ ತುಂಬಾ ಕಷ್ಟ.

ಹೋದ ತಿಂಗಳು ಹೊಸಬರೊಬ್ಬರು ಬಂದು ಕೋಲೂರಿಕೊಂಡು ಬಾಗಿಲಲ್ಲೇ ನಿಂತುಬಿಟ್ಟರು. ಅಂಗಿಯ ಯಜಮಾನರು ಅವರನ್ನು ನೋಡಿದರು. ತುಟಿ ಅಲ್ಲಾಡಿತು, ಸ್ವರ ಹೊರಡಲಿಲ್ಲ. ಹೆಂಡತಿ ಬಾಯಿ ತೆರೆಯಲು ಹೋಗಿ ತಡೆದುಕೊಂಡರು. ಎಲ್ಲರೂ ಕಾದೆವು. ಅವರು ಎಡಗೈಯಲ್ಲಿ ಪಕ್ಕದ ಕುರ್ಚಿ ತಟ್ಟಿ, "ಬ... ಬನ್ನಿ" ಎಂದರು.