ರೊಟ್ಟಿ ಇಲ್ಲದ ರಾತ್ರಿ ಊಟ: ಸಬ್ಬಸಗಿ ಚಿಕನ್ ಹದಕ್ಕೆ ಬಂತು

ರಾತ್ರಿ ರೊಟ್ಟಿ ಬಿಡ್ತೀನಿ ಅಂದಾಗ ನಮ್ಮವ್ವ ನಕ್ಕಳು. "ಬರೇ ಕೋಳಿ, ಸೊಪ್ಪು ತಿಂದ್ರ ಹೊಟ್ಟಿ ತುಂಬತದೇನೋ?" ವಿಜಯಪುರದಲ್ಲಿ ಯಾರನ್ನು ಕೇಳಿದರೂ ಇದೇ ಮಾತು. ಈಗ ಸಂತೆಗೆ ಹೊರಟರೆ ಸಬ್ಬಸಗಿ ತರೋಕೆ ನೆನಪು ಮಾಡುವವಳೂ ಅವಳೇ.

ಮೊದಲೆಲ್ಲ ಕೋಳಿಗೆ ಮೊಸರು, ಶುಂಠಿ-ಬೆಳ್ಳುಳ್ಳಿ ಹಚ್ಚಿಡುತ್ತಿದ್ದೆ. ಹಂಚಿಗೆ ಬಿದ್ದ ಕೂಡಲೇ ನೀರು ಬಿಟ್ಟು ಕೊತಕೊತ ಕುದಿಯುತ್ತಿತ್ತು. ಸೊಪ್ಪನ್ನು ಜೊತೆಗೇ ಹಾಕಿದರೆ ಕಪ್ಪಾಗುತ್ತಿತ್ತು, ಘಮ ಚೂರೂ ಇಲ್ಲ. ಮಿಕ್ಸಿಗೆ ಹಾಕಿದರೆ ಕಹಿ. ಎದೆ ಭಾಗದ ಬೋನ್‌ಲೆಸ್ ಕಿಲೋಗೆ ಹತ್ತಿರ ಹತ್ತಿರ 350 ರೂಪಾಯಿ. ಅದು ರಬ್ಬರ್ ಆಗಿ ನಾಯಿ ಪಾಲಾದಾಗ ಹೊಟ್ಟೆ ಉರಿಯದೇ ಇರುತ್ತಾ?

ಈಗ ತೊಡೆ ಮಾಂಸವೇ. ಅರ್ಧ ಕಿಲೋ, ಎಲುಬು ಬಿಡಿಸಿದ್ದು. ತೊಳೆದ ಮೇಲೆ ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸುತ್ತೇನೆ. ಅರ್ಧ ಕೆಲಸ ಅಲ್ಲೇ ಮುಗಿಯಿತು. ಉಪ್ಪು, ಅರಿಶಿನ, ಬ್ಯಾಡಗಿ ಖಾರ, ಅಷ್ಟೇ. ಕಬ್ಬಿಣದ ಹಂಚು ಹೊಗೆ ಬರುವಷ್ಟು ಕಾಯಬೇಕು. ಎರಡು ಚಮಚ ಶೇಂಗಾ ಎಣ್ಣೆ. ತುಂಡುಗಳನ್ನು ದೂರ ದೂರ ಇಟ್ಟು ಐದು ನಿಮಿಷ ಮುಟ್ಟಬಾರದು. ಅಂಚು ಬೆಳ್ಳಗಾಗಿ, ಅಡಿ ತಾನಾಗೇ ಹಂಚು ಬಿಟ್ಟಾಗ ಮಗುಚಿ. ಮತ್ತೆ ಐದು ನಿಮಿಷ, ಕೊನೆಗೆ ಜಜ್ಜಿದ ಬೆಳ್ಳುಳ್ಳಿ. ದಪ್ಪ ತುಂಡನ್ನು ಕುಯ್ದು ನೋಡಿ, ಒಳಗೆ ಕೆಂಪು ಇರಬಾರದು.

ಗ್ಯಾಸ್ ಆರಿಸಿದ ಮೇಲೆಯೇ ಸೊಪ್ಪು: ಒಂದು ಕಟ್ಟು ಸಬ್ಬಸಗಿ, ಅರ್ಧ ಕಟ್ಟು ಕೊತ್ತಂಬರಿ, ಒಂದು ಹಿಡಿ ಹಸಿ ಮೆಂತ್ಯೆ, ಸಣ್ಣಗೆ ಹೆಚ್ಚಿದ್ದು. ಎರಡು ನಿಮಿಷ ಮುಚ್ಚಿಡಿ. ಇಂಡಿ ಊರಿನ ಲಿಂಬೆಯನ್ನು ತಟ್ಟೆಯಲ್ಲೇ ಹಿಂಡಿ. ಮೊದಲೇ ಹಿಂಡಿದರೆ ಹಸಿರು ಮಾಸುತ್ತದೆ. ಎಲ್ಲ ಸೇರಿ 20 ನಿಮಿಷ. ಎಣ್ಣೆಗೆ ಮೊದಲು ಒಂದು ಸಾಮಾನು ಹಾಕಿ ಹೊರಗೆ ತೆಗೆಯುತ್ತೇನೆ, ಅದು ಮಾತ್ರ ಮನೆಯಲ್ಲೂ ಹೇಳಿಲ್ಲ.

ಕಾರ್ನ್‌ಫ್ಲೋರ್ ಬದಲು ಅಗಸಿ ಹಿಂಡಿ, ಅಂದರೆ ಅಗಸೆ ಬೀಜದ ಚಟ್ನಿಪುಡಿ, ಸವರಿ ನೋಡಿದೆ. ಹಸಿ ಮಾಂಸದ ನೀರು ಹೀರಿ ಗೋಂದಾಯಿತು. ತಟ್ಟೆಯಲ್ಲಿ ಮೇಲೆ ಉದುರಿಸಿಕೊಂಡರೆ ಮಾತ್ರ ಭಾರಿ ರುಚಿ. ಗುರೆಳ್ಳು ಹಿಂಡಿನೂ ಅಷ್ಟೇ ರುಚಿ, ಆದರೆ ಕೋಳಿಗೆ ಮಸಿ ಬಳಿದಂತೆ ಕಾಣುತ್ತದೆ. ಮಕ್ಕಳು ಮುಟ್ಟಲ್ಲ.

ಜೊತೆಗೆ ಹಸಿ ಮೂಲಂಗಿ, ಸವತಿಕಾಯಿ. ಮೂರು ಜನಕ್ಕೆ ಸುಮಾರು 200 ರೂಪಾಯಿ. ಬೇಸಿಗೆಯಲ್ಲಿ ಸಬ್ಬಸಗಿ ಬಾಡಿದ್ದೇ ಸಿಗೋದು, ರೇಟೂ ಜಾಸ್ತಿ. ಆಗ ಉಳ್ಳಾಗಡ್ಡಿ ತಪ್ಪಲು ಹಾಕುತ್ತೇನೆ, ನಡೆಯುತ್ತದೆ.